ತಂತ್ರಾಂಶದ ಗುಣವನ್ನು ಬಳಸುವವರಿಂದಲೇ ತಿಳಿಯುವ ಬಗೆ



ಈ ಶಾಲೆಯಲ್ಲಿ ಓದಿ ಹೋದ ಹೆಣ್ಣುಮಕ್ಕಳಲ್ಲಿ ಹಲವರು ಇಂದು ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ತಂತ್ರಾಂಶಗಳನ್ನು ರಚಿಸುವ ಉದ್ಯೋಗದಲ್ಲಿರುವರು. ಉಳಿದ ನಾವೆಲ್ಲರೂ ಅವುಗಳನ್ನು ಉಪಯೋಗಿಸುವವರು. ಬ್ಯಾಂಕಿನ ಹಣ, ರೈಲಿನ ಟಿಕೀಟು, ವಿದ್ಯುತ್ತಿನ ಬಿಲ್ಲು, ಮಕ್ಕಳ ಹಾಜರಿ ಇವೆಲ್ಲವೂ ಕೈಯಲ್ಲಿನ ಫೋನಿನಿಂದಲೇ ನಡೆಯುತ್ತಿರುವ ಈ ಕಾಲದಲ್ಲಿ, ಒಂದು ತಂತ್ರಾಂಶವು ಒಳ್ಳೆಯದೋ ಅಲ್ಲವೋ ಎಂಬುದನ್ನು ಯಾರು ಹೇಳತಕ್ಕದ್ದು, ಯಾವ ಅಳತೆಯಿಂದ ತಿಳಿಯತಕ್ಕದ್ದು ಎಂಬ ಪ್ರಶ್ನೆಯು ರಚಿಸುವವರಿಗೂ ಬಳಸುವವರಿಗೂ ಸಮನಾಗಿ ಸಂಬಂಧಪಟ್ಟುದಾಗಿದೆ. ನಾನು ಈ ವಿಷಯವನ್ನು ಕುರಿತು ಓದತೊಡಗಿದುದು ನನ್ನದೇ ಒಂದು ತಪ್ಪಿನಿಂದ. ಅದನ್ನು ಮೊದಲು ಹೇಳಿಬಿಡುವೆನು.

1. ನಡೆದ ಸಂಗತಿ

ಮಕ್ಕಳ ಹಾಜರಿ, ಅಂಕಗಳು, ಶುಲ್ಕ ಇವುಗಳ ವಿವರವನ್ನು ತಂದೆತಾಯಿಗಳಿಗೆ ಫೋನಿನಲ್ಲಿಯೇ ತಿಳಿಸುವ ತಂತ್ರಾಂಶವೊಂದನ್ನು ಕೆಲವು ವರ್ಷಗಳ ಹಿಂದೆ ಶಾಲೆಗೆ ಕೊಂಡೆವು. ಮಾರಿದವರು ವರ್ಷದ ಕೊನೆಯಲ್ಲಿ, ನಿಮಗೆ ತೃಪ್ತಿಯಾಗಿದೆಯೇ, ಐದು ನಕ್ಷತ್ರಗಳಲ್ಲಿ ಎಷ್ಟನ್ನು ಕೊಡುವಿರಿ ಎಂದು ಕೇಳಿದರು. ನಾನು ಐದನ್ನೂ ಕೊಟ್ಟೆನು. ನಿಜವನ್ನು ಹೇಳಬೇಕಾದರೆ, ನಾನು ಅದನ್ನು ಒಂದು ದಿನವಾದರೂ ಸ್ವತಃ ಉಪಯೋಗಿಸಿದವಳಲ್ಲ. ಕಚೇರಿಯ ಗುಮಾಸ್ತರು ಅದರಿಂದ ಅಚ್ಚುಹಾಕಿ ಮೇಜಿನ ಮೇಲಿಡುತ್ತಿದ್ದ ಪಟ್ಟಿಗಳನ್ನು ಮಾತ್ರ ನೋಡುತ್ತಿದ್ದೆನು. ಪಟ್ಟಿಗಳೇನೋ ಅಚ್ಚುಕಟ್ಟಾಗಿಯೇ ಇದ್ದವು.

ಅದಾದ ಕೆಲವು ದಿನಗಳಲ್ಲಿ ಒಬ್ಬ ತಾಯಿ ಮಗಳ ಅಂಕಗಳನ್ನು ತಿಳಿಯಲೆಂದು ಅರ್ಧ ದಿನದ ಕೆಲಸವನ್ನು ಬಿಟ್ಟು ಶಾಲೆಗೆ ಬಂದರು. ಅವರು ಹೊಲಿಗೆಯಿಂದ ಸಂಸಾರವನ್ನು ಸಾಗಿಸುವವರು. ಫೋನಿನಲ್ಲಿಯೇ ಬರುತ್ತದಲ್ಲಾ ಎಂದು ನಾನು ಕೇಳಲು ಅವರು ತಲೆತಗ್ಗಿಸಿ, "ಅದು ನನ್ನ ತಲೆಗೆ ಹತ್ತೋದಿಲ್ಲ ಟೀಚರಮ್ಮಾ. ಓದಿದವರಿಗೆ ಗೊತ್ತಾಗುತ್ತೆ. ನಾನೇ ದಡ್ಡಿ" ಎಂದರು. ಫೋನನ್ನು ತೆಗೆದುಕೊಂಡು ನಾನೇ ಪ್ರಯತ್ನಿಸಿದೆನು. ಮೂರು ಸಲ ತಪ್ಪಿದೆನು. ಅಂಕಗಳ ಪುಟಕ್ಕೆ ಹೋಗುವ ಗುಂಡಿಯ ಮೇಲೆ, ಅಂಕಗಳಿಗೆ ಸಂಬಂಧವೇ ಇಲ್ಲದ ಒಂದು ಇಂಗ್ಲಿಷ್ ಪದವಿತ್ತು.

"ಅಮ್ಮಾ, ನೀವು ಹೊಲಿದ ರವಿಕೆ ತೋಳಿನಲ್ಲಿ ಹಿಡಿಯುತ್ತದೆ ಎಂದು ಯಾರಾದರೂ ಹಿಂದಕ್ಕೆ ತಂದರೆ, ತೊಟ್ಟವಳದೇ ತಪ್ಪು ಎನ್ನುವಿರಾ?" ಎಂದು ಕೇಳಿದೆನು.

"ಹಾಗಂದರೆ ಆದೀತೇ ಟೀಚರಮ್ಮಾ? ಬಿಚ್ಚಿ ಹೊಲಿದು ಕೊಡಬೇಕು" ಎಂದರು.

ನಮ್ಮ ಪಾಠದ ತಿರುಳು ಈ ಮಾತಿನಲ್ಲಿಯೇ ಇದೆ. ನಕ್ಷತ್ರಗಳನ್ನು ಕೊಟ್ಟವಳು ಬಳಸದವಳು. ಬಳಸಬೇಕಾದವರನ್ನು ಯಾರೂ ಕೇಳಲೇ ಇಲ್ಲ. ಕೇಳದೆ ಹೋದುದರಿಂದ ವಸ್ತುವಿನ ದೋಷವನ್ನು ಆ ತಾಯಿ ತನ್ನ ದೋಷವೆಂದು ಹೊತ್ತುಕೊಂಡರು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಡೊನಾಲ್ಡ್ ನಾರ್ಮನ್ ಎಂಬವರು ದಿನಬಳಕೆಯ ವಸ್ತುಗಳನ್ನು ಕುರಿತು 1988ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಸ್ವಭಾವವನ್ನು ವಿವರವಾಗಿ ತೋರಿಸಿರುವರು. ಕೆಟ್ಟದಾಗಿ ರಚಿಸಿದ ವಸ್ತುವು ಕೈಕೊಟ್ಟಾಗ ಜನರು ರಚಿಸಿದವರನ್ನು ದೂರದೆ ತಮ್ಮನ್ನೇ ಹಳಿದುಕೊಳ್ಳುವರು.

2. ಗುಣವೆಂದರೇನು?

ಹಾರ್ವರ್ಡಿನ ಡೇವಿಡ್ ಗಾರ್ವಿನ್ ಎಂಬ ವಿದ್ವಾಂಸರು 1984ರಲ್ಲಿ ಬರೆದ ಲೇಖನದಲ್ಲಿ, ಒಂದು ವಸ್ತುವಿನ ಗುಣವನ್ನು ಐದು ದೃಷ್ಟಿಗಳಿಂದ ನೋಡಬಹುದೆಂದು ಹೇಳಿದರು. ಅವುಗಳಲ್ಲಿ ಎರಡು ನಮಗೆ ಮುಖ್ಯ. ನಿಯಮಿಸಿದ ಲಕ್ಷಣಗಳಿಗೆ ವಸ್ತುವು ಸರಿಹೊಂದಿದೆಯೇ ಎಂದು ನೋಡುವುದು ತಯಾರಿಸುವವರ ದೃಷ್ಟಿ. ನನ್ನ ಅಗತ್ಯವು ಇದರಿಂದ ನೆರವೇರಿತೇ ಎಂದು ನೋಡುವುದು ಉಪಯೋಗಿಸುವವರ ದೃಷ್ಟಿ. ನಮ್ಮ ಶಾಲೆಯ ತಂತ್ರಾಂಶವು ಮೊದಲನೆಯದರಲ್ಲಿ ಉತ್ತೀರ್ಣವಾಗಿತ್ತು. ಅದು ಒಂದು ಅಂಕವನ್ನೂ ತಪ್ಪಾಗಿ ತೋರಿಸಿದುದಿಲ್ಲ. ಆದರೂ ಆ ತಾಯಿಯ ಕೈಯಲ್ಲಿ ಅದು ನಿಷ್ಪ್ರಯೋಜಕವಾಗಿತ್ತು.

ಅಂತರರಾಷ್ಟ್ರೀಯ ಮಾನಕ ಸಂಸ್ಥೆಯವರು 1998ರಲ್ಲಿ ಹೊರಡಿಸಿ 2018ರಲ್ಲಿ ಪರಿಷ್ಕರಿಸಿದ, 9241ರ ಹನ್ನೊಂದನೆಯ ಭಾಗವೆಂಬ ಮಾನಕವು ಬಳಕೆಯ ಗುಣಕ್ಕೆ ಮೂರು ಅಂಗಗಳನ್ನು ಹೇಳುತ್ತದೆ. ಮೊದಲನೆಯದು ಕಾರ್ಯಸಿದ್ಧಿ: ತಾಯಿಗೆ ಅಂಕಗಳು ಸಿಕ್ಕಿದವೇ? ಎರಡನೆಯದು ದಕ್ಷತೆ: ಎಷ್ಟು ಹೊತ್ತು ಹಿಡಿಯಿತು, ಎಷ್ಟು ಶ್ರಮವಾಯಿತು? ಮೂರನೆಯದು ತೃಪ್ತಿ: ಆಕೆಗೆ ಏನೆನಿಸಿತು? ಇಂಥ ಜನರು, ಇಂಥ ಉದ್ದೇಶಕ್ಕಾಗಿ, ಇಂಥ ಸಂದರ್ಭದಲ್ಲಿ ಎಂದು ಗೊತ್ತುಮಾಡಿಕೊಳ್ಳದೆ ಈ ಮೂರರಲ್ಲಿ ಒಂದನ್ನೂ ಹೇಳಲಾಗದು ಎಂಬುದು ಅದೇ ಮಾನಕದ ವಿಧಿ. ಗುಮಾಸ್ತರಿಗೆ ಒಳ್ಳೆಯದಾದುದು ತಾಯಿಗೆ ಕೆಟ್ಟದಾಗಿರುವುದು ಹೇಗೆಂಬುದು ಇದರಿಂದ ಸ್ಪಷ್ಟವಾಗುವುದು.

ಮೊದಲಿನ ಎರಡನ್ನು ಗಡಿಯಾರದಿಂದಲೂ ಎಣಿಕೆಯಿಂದಲೂ ಅಳೆಯಬಹುದು. ಮೂರನೆಯದು ಮನಸ್ಸಿನೊಳಗಿನದು. ಜನರು ಬಳಸುತ್ತಲೇ ಇದ್ದಾರಲ್ಲಾ, ಆದುದರಿಂದ ಮೆಚ್ಚಿರಬೇಕು ಎಂದು ತಿಳಿಯುವುದು ಸರಿಯಲ್ಲ. ಫ್ರೆಡ್ ಡೇವಿಸ್ ಎಂಬವರು 1989ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಇದು ನನಗೆ ಪ್ರಯೋಜನಕರ ಎಂಬ ಭಾವನೆ ಬೇರೆ, ಇದು ನನಗೆ ಸುಲಭ ಎಂಬ ಭಾವನೆ ಬೇರೆ ಎಂದು ವಿಂಗಡಿಸಿ ಎರಡನ್ನೂ ಅಳೆದರು. ಬಳಕೆಯೊಡನೆ ಹೆಚ್ಚು ನಿಕಟವಾಗಿ ಸಂಬಂಧಿಸಿದ್ದು ಪ್ರಯೋಜನದ ಭಾವನೆಯೇ ಎಂದು ಕಂಡುಬಂದಿತು. ಅಂದರೆ ಬೇಕಾದ ವಸ್ತುವಾದರೆ ಜನರು ಕಷ್ಟವನ್ನು ಸಹಿಸಿಕೊಂಡಾದರೂ ಬಳಸುವರು. ಆದ ಕಾರಣ ಕೇಳಿಯೇ ತಿಳಿಯಬೇಕು.

3. ಮನಸ್ಸಿನ ಅಭಿಪ್ರಾಯಕ್ಕೆ ಅಳತೆಗೋಲು

ಅಭಿಪ್ರಾಯವನ್ನು ಅಂಕೆಗಳಲ್ಲಿ ಹಿಡಿಯುವ ಸರಳವಾದ ಉಪಾಯವನ್ನು ಅಮೆರಿಕದ ರೆನ್ಸಿಸ್ ಲಿಕರ್ಟ್ ಎಂಬವರು 1932ರಲ್ಲಿ ಪ್ರಕಟಿಸಿದರು. ಒಂದು ವಾಕ್ಯವನ್ನು ಕೊಟ್ಟು, ಅದನ್ನು ಎಷ್ಟರಮಟ್ಟಿಗೆ ಒಪ್ಪುವಿರಿ ಎಂದು ಐದು ಮೆಟ್ಟಲುಗಳಲ್ಲಿ ಕೇಳುವುದು. ಅಂಥ ಹಲವು ವಾಕ್ಯಗಳ ಉತ್ತರಗಳನ್ನು ಕೂಡಿಸುವುದು. ಒಂದೇ ಪ್ರಶ್ನೆಯಿಂದ ಹುಡುಗಿಯ ಗಣಿತಜ್ಞಾನವನ್ನು ನಿರ್ಣಯಿಸಬಾರದೆಂದು ಉಪಾಧ್ಯಾಯಿನಿಯರಾದ ನಾವು ಬಲ್ಲೆವು. ಇಲ್ಲಿಯೂ ನ್ಯಾಯವು ಅದೇ.

ತಂತ್ರಾಂಶಗಳಿಗೆ ಈ ಕ್ರಮವನ್ನು ಅಳವಡಿಸಿದವರಲ್ಲಿ ಜಾನ್ ಬ್ರೂಕ್ ಎಂಬವರ ಹೆಸರು ಪ್ರಸಿದ್ಧವಾದುದು. ಅವರು 1986ರಲ್ಲಿ ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಕೆಲಸದಲ್ಲಿದ್ದಾಗ ಸಿಸ್ಟಮ್ ಯೂಸೆಬಿಲಿಟಿ ಸ್ಕೇಲ್ ಎಂಬ ಹತ್ತು ವಾಕ್ಯಗಳ ಪ್ರಶ್ನಾವಳಿಯನ್ನು ರಚಿಸಿದರು. ಅವರು ಹೋದ ದಾರಿ ಮೆಚ್ಚತಕ್ಕದ್ದು. ಮೊದಲು 50 ವಾಕ್ಯಗಳನ್ನು ಕೂಡಿಸಿಕೊಂಡರು. ಬಹಳ ಸುಲಭವೆಂದು ಎಲ್ಲರೂ ಒಪ್ಪಿದ್ದ ಒಂದು ತಂತ್ರಾಂಶವನ್ನೂ, ನುರಿತವರಿಗೂ ಬಹುಮಟ್ಟಿಗೆ ಅಸಾಧ್ಯವೆನಿಸಿದ್ದ ಇನ್ನೊಂದನ್ನೂ ಆರಿಸಿಕೊಂಡು, 20 ಜನರಿಂದ ಎರಡನ್ನೂ ಕುರಿತು ಉತ್ತರ ಬರೆಯಿಸಿದರು. ಒಳ್ಳೆಯದನ್ನೂ ಕೆಟ್ಟದ್ದನ್ನೂ ಸ್ಪಷ್ಟವಾಗಿ ಬೇರ್ಪಡಿಸಿದ ವಾಕ್ಯಗಳನ್ನು ಮಾತ್ರ ಉಳಿಸಿಕೊಂಡರು. ಅವರ ಲೇಖನವು 1996ರಲ್ಲಿ ಅಚ್ಚಾಯಿತು. ಇದು ತ್ವರಿತವಾದ ಒರಟು ಅಳತೆಯೆಂದು ಲೇಖನದ ಹೆಸರಿನಲ್ಲಿಯೇ ಒಪ್ಪಿಕೊಂಡರು. ಆದರೂ ಅದು ಇಂದಿಗೂ ಲೋಕದಲ್ಲೆಲ್ಲ ಬಳಕೆಯಲ್ಲಿದೆ.

ಹತ್ತರಲ್ಲಿ ಬೆಸಸಂಖ್ಯೆಯ ಐದು ವಾಕ್ಯಗಳು ಹೊಗಳಿಕೆಯವು: ಮತ್ತೆ ಮತ್ತೆ ಬಳಸುವ ಇಷ್ಟ, ಸುಲಭತೆ, ಭಾಗಗಳ ಹೊಂದಿಕೆ, ಬೇಗ ಕಲಿಯುವ ಅನುಕೂಲ, ಧೈರ್ಯದಿಂದ ಬಳಸಿದೆನೆಂಬ ಭಾವನೆ. ಸಮಸಂಖ್ಯೆಯ ಐದು ವಾಕ್ಯಗಳು ಆಕ್ಷೇಪಣೆಯವು: ಅನಾವಶ್ಯಕವಾದ ತೊಡಕು, ಬಲ್ಲವರ ಸಹಾಯದ ಅಗತ್ಯ, ಒಂದೊಂದು ಕಡೆ ಒಂದೊಂದು ರೀತಿ, ಬಳಸಲು ಎಡವಟ್ಟು, ಆರಂಭಿಸುವ ಮೊದಲು ಕಲಿಯಬೇಕಾದ ಹೊರೆ. ಹೀಗೆ ಹೊಗಳಿಕೆಯನ್ನೂ ಆಕ್ಷೇಪಣೆಯನ್ನೂ ಬೆರೆಸಿದುದು, ಓದದೆಯೇ ಎಲ್ಲಕ್ಕೂ ಹೌದು ಎನ್ನುವುದನ್ನು ತಡೆಯುವುದಕ್ಕಾಗಿ.

4. ಲೆಕ್ಕ ಮಾಡುವ ಕ್ರಮ

ಸ್ವಲ್ಪವೂ ಒಪ್ಪದಿದ್ದರೆ 1, ಪೂರ್ಣವಾಗಿ ಒಪ್ಪಿದರೆ 5. ಬೆಸಸಂಖ್ಯೆಯ ವಾಕ್ಯಗಳಲ್ಲಿ ಉತ್ತರದಿಂದ 1ನ್ನು ಕಳೆಯಬೇಕು. ಸಮಸಂಖ್ಯೆಯ ವಾಕ್ಯಗಳಲ್ಲಿ ಉತ್ತರವನ್ನು 5ರಿಂದ ಕಳೆಯಬೇಕು. ಬಂದುದನ್ನೆಲ್ಲ ಕೂಡಿಸಿ 2.5ರಿಂದ ಗುಣಿಸಬೇಕು. ಫಲವು 0ಯಿಂದ 100ರ ಒಳಗೆ ಇರುವುದು.

ಒಬ್ಬ ತಾಯಿಯ ಉತ್ತರಗಳು ಹೀಗಿವೆಯೆಂದು ಭಾವಿಸೋಣ. ಬೆಸಸಂಖ್ಯೆಯವಕ್ಕೆ 4, 4, 3, 4, 3. ಒಂದೊಂದನ್ನು ಕಳೆದರೆ 3, 3, 2, 3, 2, ಕೂಡಿದರೆ 13. ಸಮಸಂಖ್ಯೆಯವಕ್ಕೆ 2, 4, 2, 3, 3. ಐದರಿಂದ ಕಳೆದರೆ 3, 1, 3, 2, 2, ಕೂಡಿದರೆ 11. ಒಟ್ಟು 24. ಅದನ್ನು 2.5ರಿಂದ ಗುಣಿಸಿದರೆ 60.

ಅರವತ್ತೆಂದೊಡನೆ ಪ್ರಥಮ ದರ್ಜೆಯೆಂದು ಸಂತೋಷಪಡುವುದು ನಮ್ಮ ಅಭ್ಯಾಸ. ಇಲ್ಲಿ ಹಾಗಲ್ಲ. ಇದು ಶೇಕಡಾವಾರು ಅಂಕವಲ್ಲ. 35 ಬಂದರೆ ಪಾಸು ಎಂಬ ನಿಯಮವೂ ಇಲ್ಲ. ಜೆಫ್ ಸೌರೋ ಎಂಬ ಅಮೆರಿಕದ ಸಂಶೋಧಕರು ಇದೇ ಪ್ರಶ್ನಾವಳಿಯನ್ನು ಬಳಸಿದ ಸುಮಾರು 500 ಅಧ್ಯಯನಗಳನ್ನು ಕೂಡಿಸಿ ನೋಡಲಾಗಿ ಸರಾಸರಿಯು 68 ಎಂದು ತಿಳಿದುಬಂದಿತು. ಆದ್ದರಿಂದ 60 ಬಂದ ತಂತ್ರಾಂಶವು ಸಾಧಾರಣ ಮಟ್ಟಕ್ಕಿಂತ ಕೆಳಗಿನದು. ಇನ್ನೊಂದು ಮಾತು. ಒಬ್ಬರ ಉತ್ತರವು ಒಬ್ಬರದೇ ಆಗಿರುವುದರಿಂದ, ಹಲವರ ಫಲಗಳನ್ನು ಕೂಡಿಸಿ ಸರಾಸರಿಯನ್ನು ತೆಗೆದ ಬಳಿಕವೇ ನಿರ್ಣಯಕ್ಕೆ ಬರಬೇಕು.

ಈ ಅಂಕೆಯು ಏನನ್ನು ಹೇಳದು ಎಂಬುದನ್ನೂ ತಿಳಿಯಬೇಕು. ಜ್ವರಮಾಪಕವು ಜ್ವರವಿದೆಯೆಂದು ಹೇಳುವುದೇ ಹೊರತು ಯಾವ ರೋಗವೆಂದು ಹೇಳುವುದಿಲ್ಲ. ರೋಗವನ್ನು ತಿಳಿಯಲು ವೈದ್ಯರು ಹಾಸಿಗೆಯ ಪಕ್ಕಕ್ಕೆ ಬರಬೇಕು. ಹಾಗೆಯೇ ತಂತ್ರಾಂಶವನ್ನು ರಚಿಸಿದವರು ಬಳಸುವವರ ಪಕ್ಕದಲ್ಲಿ ಕುಳಿತು, ಬಾಯಿ ಹಾಕದೆ, ಕೈಯೆಲ್ಲಿ ತಡವರಿಸಿತು, ಕಣ್ಣು ಏನನ್ನು ಹುಡುಕಿತು ಎಂದು ನೋಡಬೇಕು. ನಾನು ಆ ತಾಯಿಯ ಫೋನನ್ನು ಹಿಡಿದು ಮೂರು ಸಲ ತಪ್ಪಿದಾಗ ತಿಳಿದುದು ಯಾವ ನಕ್ಷತ್ರದಿಂದಲೂ ತಿಳಿಯುತ್ತಿರಲಿಲ್ಲ.

5. ಅಳತೆಯು ಕೆಡುವ ಬಗೆಗಳು

ದರ್ಜಿಯ ಟೇಪು ಹಿಗ್ಗಿದ್ದರೆ ಎಷ್ಟು ಜಾಗರೂಕತೆಯಿಂದ ಅಳೆದರೂ ಅಂಗಿಯು ಸರಿಯಾಗದು. ಅಭಿಪ್ರಾಯದ ಅಳತೆಗೋಲು ಹಿಗ್ಗುವ ಸಂದರ್ಭಗಳು ಮುಖ್ಯವಾಗಿ ಐದು.

ಮೊದಲನೆಯದು ಭಾಷೆ. ಬ್ರೂಕರ ಎಂಟನೆಯ ವಾಕ್ಯದಲ್ಲಿ ಎಡವಟ್ಟು ಎಂಬರ್ಥಕ್ಕೆ ಬಳಸಿದ ಇಂಗ್ಲಿಷ್ ಪದವು, ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೆ ತಿಳಿಯುವುದಿಲ್ಲವೆಂದು ಕ್ರೇಗ್ ಫಿನ್‌ಸ್ಟಾಡ್ ಎಂಬವರು 2006ರಲ್ಲಿ ತೋರಿಸಿಕೊಟ್ಟರು. ಪ್ರಶ್ನೆಯೇ ತಿಳಿಯದಿದ್ದರೆ ಉತ್ತರಕ್ಕೆ ಬೆಲೆಯೇನು? ಕನ್ನಡದ ಮನೆಗಳಲ್ಲಿ ಬಳಸುವ ತಂತ್ರಾಂಶವನ್ನು ಕುರಿತು ಕನ್ನಡದಲ್ಲಿಯೇ, ಅದೂ ಮನೆಯ ಕನ್ನಡದಲ್ಲಿಯೇ, ಕೇಳಬೇಕು.

ಎರಡನೆಯದು ಅಂದ. ಜಪಾನಿನ ಹಿತಾಚಿ ಸಂಸ್ಥೆಯ ವಿನ್ಯಾಸಕೇಂದ್ರದ ಕುರೋಸು ಮತ್ತು ಕಾಶಿಮುರ ಎಂಬವರು, ಬ್ಯಾಂಕಿನ ಹಣದ ಯಂತ್ರದ ಗುಂಡಿಗಳನ್ನು 26 ರೀತಿಗಳಲ್ಲಿ ಜೋಡಿಸಿದ ಚಿತ್ರಗಳನ್ನು 252 ಜನರಿಗೆ ತೋರಿಸಿ, ಅಂದವನ್ನೂ ಸುಲಭತೆಯನ್ನೂ ಬೇರೆ ಬೇರೆಯಾಗಿ ಕೇಳಿದರು. 1995ರಲ್ಲಿ ಪ್ರಕಟವಾದ ಅವರ ವರದಿಯಂತೆ, ಚೆಲುವಾಗಿ ಕಂಡುದೇ ಸುಲಭವೆಂದೂ ಕಂಡಿತು. ನಿಜವಾದ ಸುಲಭತೆಗೂ ಜನರ ಅಭಿಪ್ರಾಯಕ್ಕೂ ಇದ್ದ ಸಂಬಂಧ ಅದಕ್ಕಿಂತ ಕಡಿಮೆ. ಅಚ್ಚುಕಟ್ಟಾದ ಪಟ್ಟಿಗಳನ್ನು ಕಂಡು ನಾನು ಮೋಸಹೋದುದೂ ಹೀಗೆಯೇ.

ಮೂರನೆಯದು ನೆನಪು. ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಜನರು ಒಂದು ಸಲ 14 ಡಿಗ್ರಿಯ ತಣ್ಣೀರಿನಲ್ಲಿ 60 ಸೆಕೆಂಡು ಕೈಯಿಟ್ಟರು. ಇನ್ನೊಂದು ಸಲ ಅಷ್ಟೇ ಹೊತ್ತು ಇಟ್ಟು, ಮೇಲೆ 30 ಸೆಕೆಂಡು, ನೀರು ಮೆಲ್ಲಗೆ 15 ಡಿಗ್ರಿಗೆ ಏರುತ್ತಿರುವಾಗ, ಇಟ್ಟುಕೊಂಡೇ ಇದ್ದರು. ಯಾವುದನ್ನು ಮತ್ತೊಮ್ಮೆ ಮಾಡುವಿರಿ ಎಂದು ಕೇಳಿದರೆ ಹೆಚ್ಚು ಮಂದಿ ಉದ್ದವಾದುದನ್ನೇ ಆರಿಸಿದರು. ಕೊನೆಯು ಹಿತವಾದರೆ ನಡುವಿನ ಕಷ್ಟ ಮರೆಯುವುದು. ಆದುದರಿಂದ ಬಳಸಿ ಮುಗಿಸಿದ ಕೂಡಲೇ, ಇತರರೊಡನೆ ಚರ್ಚಿಸುವುದಕ್ಕೆ ಮೊದಲು, ಹೆಚ್ಚು ಯೋಚಿಸದೆ ಬರೆಯಬೇಕೆಂದು ಬ್ರೂಕರ ಸೂಚನೆ.

ನಾಲ್ಕನೆಯದು ಕೇಳಬೇಕಾದವರನ್ನು ಕೇಳದಿರುವುದು. ತಾವಾಗಿಯೇ ನಕ್ಷತ್ರಗಳನ್ನು ಕೊಡಲು ಮುಂದಾಗುವವರಲ್ಲಿ ಬಹಳ ಮೆಚ್ಚಿದವರೂ ಬಹಳ ಸಿಟ್ಟಾದವರೂ ಹೆಚ್ಚು, ನಡುವಿನವರು ಸುಮ್ಮನಿರುವರು. ಫ್ರೆಡ್ ರೈಕೆಲ್ಡ್ ಎಂಬವರು 2003ರಲ್ಲಿ ಮುಂದಿಟ್ಟ ಕ್ರಮದಲ್ಲಿ, ಇದನ್ನು ಸ್ನೇಹಿತರಿಗೆ ಶಿಫಾರಸು ಮಾಡುವಿರಾ ಎಂಬ ಒಂದೇ ಪ್ರಶ್ನೆಗೆ 0ಯಿಂದ 10ರವರೆಗೆ ಉತ್ತರ ಪಡೆಯುವರು. ಅಂಗಡಿಯ ವಸ್ತುವಿಗೆ ಅದು ಸರಿಹೋದೀತು. ಆದರೆ ಶಾಲೆ ಕೊಂಡ ತಂತ್ರಾಂಶವನ್ನು ಬಿಟ್ಟು ಬೇರೆ ದಾರಿಯಿಲ್ಲದ ತಾಯಿಯು ಯಾರಿಗೆ ಏನೆಂದು ಶಿಫಾರಸು ಮಾಡಿಯಾಳು?

ಐದನೆಯದು ದಾಕ್ಷಿಣ್ಯ. ನಮ್ಮ ನಾಡಿಗೆ ಅತ್ಯಂತ ಸಮೀಪದ ಮಾತು ಇದು. ನಿಕೋಲಾ ಡೆಲ್ ಮತ್ತು ಸಂಗಡಿಗರು ಬೆಂಗಳೂರಿನಲ್ಲಿಯೇ 450 ಸಂದರ್ಶನಗಳನ್ನು ನಡೆಯಿಸಿ 2012ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಂದೇ ತೆರನಾದ ಎರಡು ತಾಂತ್ರಿಕ ವಸ್ತುಗಳನ್ನು ಮುಂದಿಟ್ಟು, ಇವುಗಳಲ್ಲಿ ಒಂದು ಕೇಳುತ್ತಿರುವವರೇ ತಯಾರಿಸಿದುದು ಎಂಬ ಭಾವನೆ ಬರುವಂತೆ ಮಾಡಿದಾಗ, ಜನರು ಅದನ್ನೇ ಆರಿಸುವ ಸಂಭವವು ಸುಮಾರು ಎರಡೂವರೆ ಪಟ್ಟು ಹೆಚ್ಚಾಗಿತ್ತು. ಕೇಳಿದವರು ದುಭಾಷಿಯನ್ನು ಕರೆತಂದ ವಿದೇಶೀಯರಾಗಿದ್ದರೆ ಅದು ಐದು ಪಟ್ಟಾಯಿತು. ಕೇಳುವವರ ವಸ್ತುವನ್ನು ಬೇಕೆಂದೇ ಕೆಡಿಸಿ ಇಟ್ಟಾಗಲೂ ಜನರು ಅದನ್ನೇ ಮೇಲೆಂದರು! ಎದುರಿಗೆ ನಿಂತವರ ಮನಸ್ಸನ್ನು ನೋಯಿಸಬಾರದೆಂಬುದು ಸೌಜನ್ಯವೇ ಸರಿ. ಆದರೆ ಆ ಸೌಜನ್ಯದಿಂದ ಕೆಟ್ಟ ವಸ್ತುವು ಕೆಟ್ಟದಾಗಿಯೇ ಉಳಿಯುವುದು. ಮರುದಿನ ಇನ್ನೊಬ್ಬ ತಾಯಿ ಅರ್ಧ ದಿನದ ಕೂಲಿಯನ್ನು ಕಳೆದುಕೊಳ್ಳುವಳು.

6. ನಮ್ಮ ಕರ್ತವ್ಯ

ತಂತ್ರಾಂಶಗಳನ್ನು ರಚಿಸುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ನನ್ನ ಮಾತು ಇಷ್ಟೇ. ನಿಮ್ಮ ಪರೀಕ್ಷೆಗಳಲ್ಲಿ ತಪ್ಪುಗಳು ಸೊನ್ನೆಯೆಂದು ಬಂದಾಗ ಕೆಲಸ ಮುಗಿಯಿತೆಂದು ಏಳಬೇಡಿರಿ. ಹಣ ಕೊಡುವವರನ್ನಲ್ಲ, ಬಳಸುವವರನ್ನು ಕೇಳಿರಿ. ಅವರ ಭಾಷೆಯಲ್ಲಿ ಕೇಳಿರಿ. ನೀವೇ ರಚಿಸಿದವರೆಂದು ತಿಳಿಯದಂತೆ ಕೇಳಿರಿ. ಯಾರಾದರೂ ನಾನೇ ದಡ್ಡಿ ಎಂದರೆ, ಅದು ನಿಮ್ಮ ಕೆಲಸಕ್ಕೆ ಬಂದ ದೂರು ಎಂದು ಬರೆದುಕೊಳ್ಳಿರಿ.

ತಂದೆತಾಯಿಗಳಿಗೆ ಒಂದು ಬಿನ್ನಹ. ನಮ್ಮ ತಂತ್ರಾಂಶದ ಕರಾರನ್ನು ಮುಂದುವರಿಸುವ ಮೊದಲು, ಬರುವ ಪೋಷಕರ ಸಭೆಯಲ್ಲಿ ಹತ್ತು ಕನ್ನಡ ವಾಕ್ಯಗಳ ಒಂದು ಹಾಳೆಯನ್ನು ಕೊಡುವೆವು. ಮೊದಲು ಫೋನಿನಲ್ಲಿ ನಿಮ್ಮ ಮಗಳ ಅಂಕಗಳನ್ನು ಹುಡುಕಿ ನೋಡಿರಿ. ಕೂಡಲೇ ಹಾಳೆಯನ್ನು ತುಂಬಿರಿ. ಹೆಸರನ್ನು ಬರೆಯಬೇಕಾಗಿಲ್ಲ. ಮಾರಿದವರಾಗಲಿ, ನಿಮ್ಮ ಮಗಳ ತರಗತಿಯ ಉಪಾಧ್ಯಾಯಿನಿಯಾಗಲಿ, ನಾನಾಗಲಿ ಆ ಕೊಠಡಿಯಲ್ಲಿ ಇರುವುದಿಲ್ಲ. ಓದುವುದಕ್ಕೆ ಕಷ್ಟವಾದವರಿಗೆ ನಮ್ಮ ಹಳೆಯ ವಿದ್ಯಾರ್ಥಿನಿಯರು ಓದಿ ಹೇಳುವರು. ಹಾಳೆಗಳನ್ನು ಎಣಿಸಿದ ಬಳಿಕವೇ ನಾನು ಕರಾರಿಗೆ ರುಜು ಹಾಕುವುದೋ ಬಿಡುವುದೋ ನಿಶ್ಚಯವಾಗುವುದು.

ಮನಸ್ಸಿನಲ್ಲಿದ್ದುದನ್ನೇ ಬರೆಯಿರಿ. ಆ ದಿನ ಪರೀಕ್ಷೆಗೆ ಕುಳಿತುಕೊಳ್ಳುವುದು ತಂತ್ರಾಂಶವು, ನೀವಲ್ಲ. ನೀವು ಪರೀಕ್ಷಕರು.

ಅಭ್ಯಾಸ

1. ತಯಾರಿಸುವವರ ದೃಷ್ಟಿಗೂ ಉಪಯೋಗಿಸುವವರ ದೃಷ್ಟಿಗೂ ಇರುವ ವ್ಯತ್ಯಾಸವನ್ನು ನಿಮ್ಮ ಮನೆಯ ಒಂದು ವಸ್ತುವಿನ ಉದಾಹರಣೆಯಿಂದ ವಿವರಿಸಿರಿ.

2. ಬೆಸಸಂಖ್ಯೆಯ ವಾಕ್ಯಗಳಿಗೆ 5, 4, 4, 5, 4 ಎಂದೂ ಸಮಸಂಖ್ಯೆಯವಕ್ಕೆ 2, 1, 2, 2, 1 ಎಂದೂ ಉತ್ತರ ಬಂದರೆ ಫಲವೆಷ್ಟು? ಅದು ಸರಾಸರಿಗಿಂತ ಮೇಲೋ ಕೆಳಗೋ?

3. ಈ ವಾರ ನೀವು ಫೋನಿನಲ್ಲಿ ಮಾಡಿದ ಒಂದು ಕೆಲಸದಲ್ಲಿ ನಿಮ್ಮನ್ನೇ ಹಳಿದುಕೊಂಡ ಸಂದರ್ಭವನ್ನು ನೆನೆಯಿರಿ. ತಪ್ಪು ನಿಜವಾಗಿ ಯಾರದು?